ತಮ್ಮ ಕೈಗೇ ಹೆದರಿದ್ದವರು

ನನ್ನ ಪಕ್ಕದ ಮನೆಯವರ ಸಂತಾಪ ಸಭೆಯಲ್ಲಿ ನಾಲ್ಕು ಜನ ಮಾತಾಡಿದರು. ನಾಲ್ವರ ಬಾಯಲ್ಲೂ ಒಂದೇ ಮಾತು: ಶ್ರದ್ಧೆ. ಅವರಲ್ಲಿ ಒಬ್ಬರು, ಇಪ್ಪತ್ತು ಮಗ್ಗಗಳ ಮಾಲೀಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಒಂದೊಂದು ಎಳೆನೂ ಹತ್ತು ಸಲ ನೋಡೋರು. ಅಂಥ ಶ್ರದ್ಧೆ ಇನ್ನು ಹುಟ್ಟಲ್ಲ ಬಿಡಿ" ಎಂದರು. ಜನ ತಲೆಯಾಡಿಸಿದರು. ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ಅದು ಶ್ರದ್ಧೆಯಲ್ಲ ಸ್ವಾಮಿ, ಕಾಯಿಲೆ. ನೀವು ಅದನ್ನು ಹೊಗಳಿ ಹೊಗಳಿ ಸಾಕಿದಿರಿ ಎಂದು ಎದ್ದು ಹೇಳಬೇಕಿತ್ತು. ಮೈಕು ನನ್ನ ಕೈಗೂ ಬಂತು. "ಒಳ್ಳೆಯ ನೆರೆಯವರಾಗಿದ್ದರು" ಎಂದಷ್ಟೇ ಹೇಳಿ ಕೂತೆ.

ಆಗ ನುಂಗಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅವರ ಮಗಳು ಇದೇ ಜಿಲ್ಲೆಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಈ ಕಾಯಿಲೆಗೆ ಹೆಸರಿಟ್ಟು ಕರೆಯುವ ಧೈರ್ಯ ನಮ್ಮ ಊರುಗಳಿಗೆ ಇನ್ನೂ ಬಂದಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ನಾನು ದೊಡ್ಡಬಳ್ಳಾಪುರಕ್ಕೆ ಇಂಗ್ಲಿಷ್ ಮೇಷ್ಟ್ರಾಗಿ ಬಂದೆ. ಮಗ್ಗದ ಬೀದಿಯ ಒಂದು ವಠಾರದಲ್ಲಿ ಅವರದೂ ನನ್ನದೂ ಒಂದೇ ಗೋಡೆಯ ಮನೆಗಳು. ಅವರು ಮೂಲದಲ್ಲಿ ನೇಕಾರರಲ್ಲ. ಕುಂದಾಣದ ಕಡೆಯ ಒಕ್ಕಲು ಮನೆತನ. ಹೊಲ ಅಣ್ಣತಮ್ಮಂದಿರಲ್ಲಿ ಹಂಚಿ ಹೋದ ಮೇಲೆ ಪೇಟೆಗೆ ಬಂದು ಅಚ್ಚು ಕೆಚ್ಚುವ ಕೆಲಸ ಕಲಿತರು. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆದು ಸೇರಿಸುವ ಕೆಲಸ ಅದು. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಬೆರಳಿಗೆ ಬೂದಿ ಸವರಿಕೊಂಡು, ಕತ್ತು ಬಗ್ಗಿಸಿ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಉಳಿದವರು ದಾರದ ತುದಿಯನ್ನು ಬ್ಲೇಡಿನಿಂದ ಕತ್ತರಿಸುತ್ತಿದ್ದರು. ಇವರು ಬ್ಲೇಡು ಮುಟ್ಟುತ್ತಿರಲಿಲ್ಲ, ಹಲ್ಲಿನಲ್ಲಿ ಕಡಿಯುತ್ತಿದ್ದರು. "ಹಳೇ ಕಾಲದ ಕೈ" ಎಂದು ಜನ ಅದನ್ನೂ ಹೊಗಳಿದರು.

ಕೆಲಸ ಮುಗಿದ ಮೇಲೆ ಮೊದಲನೆಯ ಎಳೆಯಿಂದ ಮತ್ತೆ ನೋಡುವರು. ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ. ಹೀಗೆ ಎಷ್ಟು ಸಲ ಎಂದು ಅವರನ್ನು ಯಾರೂ ಕೇಳಲಿಲ್ಲ. ಎಳೆ ತಪ್ಪುತ್ತಿರಲಿಲ್ಲ, ಮಾಲೀಕರಿಗೆ ಅಷ್ಟು ಸಾಕಾಗಿತ್ತು. ಬೇರೆಯವರು ಕೆಚ್ಚಿದ ಅಚ್ಚನ್ನೂ ಇವರನ್ನು ಕರೆಸಿ ತೋರಿಸತೊಡಗಿದರು. ಆಮೇಲೆ ಅವರಿಗೆ ಕೈಗುಣ ಇದೆ ಎಂಬ ಮಾತು ಹುಟ್ಟಿತು. ಅವರು ಮುಟ್ಟಿ ಶುರು ಮಾಡಿದ ಮಗ್ಗ ನಿಲ್ಲುವುದಿಲ್ಲ, ಅವರು ಕೆಚ್ಚಿದ ಹಾಸಿನ ಸೀರೆ ಮೂಲೆಗೆ ಬೀಳುವುದಿಲ್ಲ. ಹೊಸ ಮಗ್ಗ ತಂದವರೆಲ್ಲ ಪೂಜೆ ಮಾಡಿ, ನಿಂಬೆಹಣ್ಣು ಇಟ್ಟು, ಮೊದಲ ಸಲ ಸ್ವಿಚ್ಚು ಒತ್ತಲು ಅವರನ್ನೇ ಕರೆಯುವರು. ಅವರು ಬೆವರುತ್ತ ಹೋಗಿ ಒತ್ತಿ ಬರುವರು. ಬೆವರುವುದನ್ನು ವಿನಯ ಎಂದರು.

ನಾನೇನು ಕಡಿಮೆಯಿರಲಿಲ್ಲ. ಬೆಳಿಗ್ಗೆ ಅವರು ಮನೆಗೆ ಬೀಗ ಹಾಕಿ ಎಳೆದು ನೋಡುವ ಸದ್ದು ನನಗೆ ಕೇಳುತ್ತಿತ್ತು. ಎಳೆದು, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆಯುವರು. ನಾನು ಎಣಿಸುತ್ತಿದ್ದೆ. ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು, "ಇವತ್ತೆಷ್ಟು ಗುರುವೇ?" ಎನ್ನುವರು. ನಾನು "ಹದಿನೇಳು" ಎನ್ನುವೆ. ಎಲ್ಲರೂ ನಗುವೆವು. ಹದಿನೇಳೇ ಎಂದು ಈಗ ಖಾತ್ರಿಯಿಲ್ಲ. ನಕ್ಕಿದ್ದು ಮಾತ್ರ ಖಾತ್ರಿ. ಒಂದು ದಿನ ಆ ನಗುವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ವಠಾರದ ಬಾಗಿಲಲ್ಲಿ ಅವರಿಗೆ ಎದುರಾದೆ. "ಬೀಗ ಬಿದ್ದಿದೆ ಅಲ್ವಾ ಮೇಷ್ಟ್ರೇ, ನೀವು ಒಂದ್ಸಲ ನೋಡಿ" ಎಂದರು. "ಬಿದ್ದಿದೆ ಹೋಗ್ರೀ" ಎಂದೆ. ಅವರ ಮುಖದಲ್ಲಿ ಎಷ್ಟು ನೆಮ್ಮದಿ ಬಂತೆಂದರೆ, ನಾನು ದೊಡ್ಡ ಉಪಕಾರ ಮಾಡಿದವನ ಹಾಗೆ ಬೀಗಿದೆ. ಬೀದಿಯ ತಿರುವು ಮುಟ್ಟುವ ಮೊದಲೇ ಅವರು ಹಿಂದಿರುಗಿ ಬಂದಿದ್ದರು.

ಅವರಿಗೆ ಒಬ್ಬಳೇ ಮಗಳು. ನಾನು ಹೋದ ಮರುವರ್ಷ ಹುಟ್ಟಿದಳು. ಈ ಮಗುವನ್ನು ಅವರು ಎತ್ತಿಕೊಳ್ಳುತ್ತಿರಲಿಲ್ಲ. ಮಗು ತೆವಳಿಕೊಂಡು ಹತ್ತಿರ ಬಂದರೆ ಎದ್ದು ನಿಂತು ಗೋಡೆಗೆ ಅಂಟಿಕೊಳ್ಳುವರು. ಹೆಂಡತಿ ನೀರಿಗೆ ಹೋಗುವಾಗ ಮಗುವನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು, ಗಂಡ ಮನೆಯಲ್ಲಿದ್ದರೂ. ಆಕೆ ಚನ್ನರಾಯಪಟ್ಟಣ ಹೋಬಳಿಯವರು. ನಮ್ಮ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ. ಹಿಪ್ಪುನೇರಳೆ, ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬೆಳೆದ ಗಟ್ಟಿ ಹೆಂಗಸು. ಒಂದು ದಿನ ನನ್ನ ಹೆಂಡತಿಯ ಹತ್ತಿರ, "ನಮ್ಮೋರು ಕೂಸಿನ ಮುಖ ನೋಡ್ತಾರೆ ಕಣಕ್ಕ, ದೂರದಿಂದ. ಆಸೆ ಇದೆ ಅವರಿಗೆ. ಅದೇನೋ ಮುಟ್ಟಲ್ಲ" ಎಂದು ಅತ್ತರಂತೆ. ಬೀದಿಗೆ ಇಂಥ ಸೂಕ್ಷ್ಮವೆಲ್ಲ ಬೇಡವಾಗಿತ್ತು. ಹೆಣ್ಣು ಹುಟ್ಟಿತಲ್ಲ, ಅದಕ್ಕೇ ಎಂದು ತೀರ್ಮಾನಿಸಿಬಿಟ್ಟಿತು.

ಮಗುವಿಗೆ ಎರಡು ತುಂಬುವ ಹೊತ್ತಿಗೆ ಅದು ನಡೆದದ್ದು. ಸಂತಾಪ ಸಭೆಯಲ್ಲಿ ಅತ್ತರಲ್ಲ, ಆ ಮಾಲೀಕರು ಆಗ ನಾಲ್ಕು ಹೊಸ ಮಗ್ಗ ತಂದಿದ್ದರು. ಬೀದಿಗೆಲ್ಲ ಊಟ. ಇವರ ಮಾವನೂ ಹಳ್ಳಿಯಿಂದ ಬಂದಿದ್ದರು. ಪೂಜೆ ಮುಗಿಯಿತು. ಇವರು ಮಗ್ಗದ ಹತ್ತಿರ ಹೋದರು.

"ಒಬ್ನೇ ಬೇಡ ಕಣಯ್ಯ," ಎಂದರು ಮಾಲೀಕರು. "ಮಗೂನ ಎತ್ಕೊಂಡು ಒತ್ತು. ಮನೆ ಲಕ್ಷ್ಮಿ. ಇನ್ನೂ ಒಳ್ಳೇದು."

"ಬೇಡಿ ಅಣ್ಣ."

"ಏನ್ ಬೇಡಿ? ಬಾರಮ್ಮ, ಕೊಡು ಇಲ್ಲಿ ಕೂಸನ್ನ."

ಮಾಲೀಕರು ಇವರ ಹೆಂಡತಿಯ ಕೈಯಿಂದ ಮಗುವನ್ನು ಇಸಿದುಕೊಂಡು ಇವರ ಎದೆಗೆ ಒತ್ತಿದರು. ಸುತ್ತ ನಿಂತವರು ನಗುತ್ತಿದ್ದರು. ಯಾರೋ ಅಷ್ಟರಲ್ಲಿ ಪಕ್ಕದ ಮಗ್ಗ ಓಡಿಸಿದ್ದರು, ಲಾಳಿ ಬಡಿಯುತ್ತಿತ್ತು. ಇವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಮಗು ಜಾರಿತು. ಹೆಂಡತಿ ಹಾರಿ ಬಂದು ಹಿಡಿದುಕೊಂಡರು. ಇವರು ಊಟದ ಎಲೆಗಳನ್ನು ತುಳಿದುಕೊಂಡು ಹೊರಗೆ ಓಡಿದರು.

"ನೋಡಿದ್ರಾ?" ಎಂದು ಅವರ ಮಾವ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಬೀದಿ ಮಗ್ಗಕ್ಕೆಲ್ಲ ಆಗ್ತದೆ ಈ ಕೈ, ಹೆತ್ತ ಹೆಣ್ಣು ಕೂಸಿಗೆ ಆಗಲ್ಲ. ನಡಿಯಮ್ಮ. ಇಂಥ ಮನೇಲಿ ನಿಂಗೇನು ಕೆಲ್ಸ?"

ಆವತ್ತು ಸಾಯಂಕಾಲದ ಬಸ್ಸಿಗೆ ತಾಯಿ ಮಗಳು ಹೋದರು. ಮಗು ಕೆಂಪು ಲಂಗ ಹಾಕಿತ್ತು ಎಂದು ಬರೆಯಹೊರಟೆ. ಬಣ್ಣ ನನಗೆ ನೆನಪಿಲ್ಲ, ಕೆಂಪು ಅಂದರೆ ಚೆನ್ನಾಗಿರುತ್ತದೆ ಅಷ್ಟೆ. ನನಗೆ ನಿಜವಾಗಿ ನೆನಪಿರುವುದು, ಅವರು ಓಡಿದ ಮೇಲೆ ಒಬ್ಬರೂ ಅವರ ಹಿಂದೆ ಹೋಗಲಿಲ್ಲ ಎಂಬುದು. ಬೇರೆ ಎಲೆ ಹಾಸಿ ಊಟ ಬಡಿಸಿದರು. ನಾನು ಉಂಡೆ.

ಆಮೇಲೆ ಊರು ಅವರಿಗೆ ಚಿಕಿತ್ಸೆ ಮಾಡಿತು. ಗಾಳಿ ಸೋಕಿದೆ ಎಂದು ತೋಳಿಗೆ ದಾರ ಕಟ್ಟಿಸಿದರು. ಬಸ್‌ಸ್ಟ್ಯಾಂಡ್ ಹತ್ತಿರದ ಡಾಕ್ಟರೊಬ್ಬರು ನಿಶ್ಶಕ್ತಿ ಎಂದು ವಾರಕ್ಕೊಂದು ಇಂಜಕ್ಷನ್ ಕೊಟ್ಟರು. ಒಬ್ಬ ಜ್ಯೋತಿಷಿ ಮಗುವಿನ ನಕ್ಷತ್ರ ತಂದೆಗೆ ಆಗದು ಎಂದ. ಈ ಮಾತು ಹೇಳಿದವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಏಕೆಂದರೆ ಇವರು ಅದನ್ನು ನಂಬಿದರು, ಮತ್ತು ಮಗಳನ್ನು ನೋಡಲು ಹೋಗುವುದನ್ನೂ ನಿಲ್ಲಿಸಿದರು. ವರ್ಷಗಳು ಹೋದವು. ಅವರು ಎಳೆ ನೋಡುತ್ತಲೇ ಇದ್ದರು. ಊರು ಹೊಗಳುತ್ತಲೇ ಇತ್ತು.

ತೊಂಬತ್ತರ ದಶಕದ ಕೊನೆಗೆ ನಮ್ಮ ಊರಿನ ಕಂಪ್ಯೂಟರ್ ಟ್ರೈನಿಂಗ್ ಸೆಂಟರಿಗೆ ಇಂಟರ್‌ನೆಟ್ ಬಂತು. ಹೊರಗೆ ಬೋರ್ಡು ಹಾಕಿದರು: 'ಪ್ರಪಂಚದ ಎಲ್ಲ ಮಾಹಿತಿ ಇಲ್ಲಿ ಲಭ್ಯ.' ಆ ಬೋರ್ಡನ್ನು ಅಕ್ಷರಶಃ ನಂಬಿದವರು ಇಡೀ ದೊಡ್ಡಬಳ್ಳಾಪುರದಲ್ಲಿ ಇವರೊಬ್ಬರೇ ಇರಬೇಕು. ಒಂದು ಭಾನುವಾರ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು ನಿಂತರು.

"ಮೇಷ್ಟ್ರೇ, ಅದ್ರಲ್ಲಿ ಎಲ್ಲಾ ಇದೆಯಂತೆ. ಇಂಗ್ಲಿಷಲ್ಲಿ ಕೇಳ್ಬೇಕಂತೆ. ನೀವು ಬಂದು ಒಂದು ಮಾತು ಕೇಳಿ ಕೊಡಿ."

"ಏನು ಕೇಳ್ಬೇಕು?"

ಹೊಸ್ತಿಲು ನೋಡುತ್ತ ಹೇಳಿದರು, "ಮಗೂನ ಸಾಯಿಸ್ಬೇಕು ಅಂತ ಯೋಚ್ನೆ ಬರೋರಿಗೆ ಏನು ಶಿಕ್ಷೆ ಅಂತ."

ಒಳಗೆ ಕರೆದು ಕೂರಿಸಿದೆ. ಒಂಬತ್ತು ವರ್ಷ ಗೋಡೆಯ ಆಚೆಗಿದ್ದದ್ದು ಆ ಬೆಳಿಗ್ಗೆ ಹೊರಗೆ ಬಂತು.

"ಹೆಸರಿಟ್ಟ ದಿನ ಎತ್ಕೊಂಡಿದ್ದೆ ಮೇಷ್ಟ್ರೇ. ಮಾವನ ಮನೆ ಬಾವಿ ಹತ್ರ ನಿಂತಿದ್ದೆ. ಸುಮ್ನೆ ನಿಂತಿದ್ದೆ. ತಲೇಲಿ ಬಂತು, ಎಸೆದುಬಿಟ್ರೆ? ಅಂತ. ಯಾರೋ ಹೇಳ್ದಂಗಲ್ಲ, ನಾನೇ ಅಂದ್ಕೊಂಡಂಗೆ. ಓಡಿ ಬಂದು ಅವರಮ್ಮನ ಕೈಗೆ ಕೊಟ್ಬಿಟ್ಟೆ. ಅಷ್ಟು ಚಂದ ಇತ್ತು ಕೂಸು. ನಾನೆಂಥ ಪಾಪಿ ಇರ್ಬೇಕು ಹೇಳಿ. ಅವತ್ತಿಂದ ಬ್ಲೇಡ್ ಕಂಡ್ರೆ ಬರ್ತದೆ, ಈಳಿಗೆಮಣೆ ಕಂಡ್ರೆ ಬರ್ತದೆ. ಅದಕ್ಕೇ ಮುಟ್ಟಿಲ್ಲ. ಮುಟ್ದಿದ್ರೆ ಬದುಕ್ತದಲ್ಲ."

"ಎಳೆ ಯಾಕೆ ಹಾಗೆ ನೋಡ್ತೀರಿ?"

"ಒಂದು ತಪ್ಪಿದ್ರೂ ಅವಳಿಗೆ ಏನೋ ಆಗ್ತದೆ ಅನ್ಸುತ್ತೆ. ಸುಳ್ಳು ಅಂತ ಗೊತ್ತು. ಗೊತ್ತಿದ್ರೂ ನೋಡ್ಬೇಕು."

ಗೊತ್ತಿದ್ರೂ ನೋಡಬೇಕು. ಈ ಮಾತನ್ನು ಕೇಳಿಯೂ ಇವರಿಗೆ ಹುಚ್ಚು ಎನ್ನಲು ಯಾರಿಗೆ ಬಾಯಿ ಬರುತ್ತದೆ? ಊರಿಗೆಲ್ಲ ಅದೃಷ್ಟ ತರುವ ಕೈ ಎಂದು ಮೆರೆಸಿದ ಕೈಗೆ, ಅದರ ಯಜಮಾನನೇ ಒಂಬತ್ತು ವರ್ಷದಿಂದ ಕಾವಲು ಕೂತಿದ್ದ.

ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದ ಹೆಂಗಸು ನನ್ನ ಹಳೆಯ ವಿದ್ಯಾರ್ಥಿನಿ. ಆಗ ಇಂಟರ್‌ನೆಟ್ ಫೋನಿನ ತಂತಿಯಲ್ಲೇ ಬರುತ್ತಿತ್ತು. ಕಂಪ್ಯೂಟರಿನಿಂದ ಬೆಂಗಳೂರಿನ ನಂಬರಿಗೆ ಫೋನ್ ಹೋಗಿ, ಕಿರುಚಿ, ಕಟ್ಟಾಗಿ, ಮತ್ತೆ ಹೋಗಿ, ಕೊನೆಗೆ ಲೈನ್ ಸಿಕ್ಕಿತು. ಇವರು ಪರದೆಯ ಮುಂದೆ ಕೈ ಜೋಡಿಸಿ ಕೂತಿದ್ದರು.

"ಕೇಳಿ ಮೇಷ್ಟ್ರೇ" ಎಂದರು.

"ಅದು ಹಾಗೆ ಉತ್ತರ ಹೇಳಲ್ಲ ಅಂಕಲ್," ಎಂದಳು ಅವಳು. "ನಾವೇ ಹುಡುಕ್ಬೇಕು. ಏನು ಪದ ಹಾಕ್ಲಿ ಸಾರ್?"

ಏನು ಪದ? ಕಾಯಿಲೆಯ ಹೆಸರು ಗೊತ್ತಿದ್ದರೆ ಹುಡುಕಬಹುದಿತ್ತು. ಹೆಸರು ಗೊತ್ತಿಲ್ಲವೆಂದೇ ಹುಡುಕಲು ಹೋದದ್ದು. ಬೀಗ, ಮತ್ತೆ ಮತ್ತೆ ನೋಡುವುದು, ಕೆಟ್ಟ ಯೋಚನೆ, ಮಗು ಎಂದು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಮೊದಲು ಬೀಗ ಮಾರುವವರು ಬಂದರು. ಆಮೇಲೆ ತೊಟ್ಟಿಲು ಮಾರುವವರು. ಮುಕ್ಕಾಲು ಗಂಟೆಯ ಮೇಲೆ, ಬಿಳಿ ಪರದೆಯಲ್ಲಿ ಒಂದೊಂದೇ ಸಾಲು ಇಳಿಯುತ್ತ, ಒಂದು ಪುಟ ಬಂತು. ಈ ಕಾಯಿಲೆಯಿದ್ದವರು ಒಬ್ಬರಿಗೊಬ್ಬರು ಬರೆದುಕೊಂಡ ಪತ್ರಗಳ ಪುಟ. ಯಾವುದೋ ಚಳಿದೇಶದ ತಾಯಿಯೊಬ್ಬಳು ತನ್ನ ಕೂಸಿಗೆ ಸ್ನಾನ ಮಾಡಿಸಲು ಹೆದರಿ ಅಕ್ಕನನ್ನು ಕರೆಯುತ್ತಿದ್ದಳು. ಒಬ್ಬ ತಂದೆ ಮನೆಯ ಚಾಕುಗಳನ್ನೆಲ್ಲ ಕಾರಿನಲ್ಲಿಟ್ಟು ಬೀಗ ಹಾಕಿದ್ದ. ಅವರಲ್ಲಿ ಯಾರೂ ಯಾರಿಗೂ ಏನೂ ಮಾಡಿರಲಿಲ್ಲ. ಅತಿ ಪ್ರೀತಿಸುವ ಜಾಗಕ್ಕೇ ಈ ಯೋಚನೆ ಹೋಗಿ ಕಚ್ಚುತ್ತದೆ ಎಂದು ಒಬ್ಬರು ಬರೆದಿದ್ದರು. ನಾನು ಕನ್ನಡದಲ್ಲಿ ಓದಿ ಹೇಳಿದೆ.

ಅವರು ಅಳಲಿಲ್ಲ. "ಇವರೆಲ್ಲಾ ನಿಜವಾದೋರಾ?" ಎಂದರು. "ಚಾಕು ಕಾರಲ್ಲಿಟ್ಟೋನು, ಅವನಿಗೆ ಮಗು ಎಷ್ಟು ದೊಡ್ಡದು ಅಂತ ಇದೆಯಾ?"

ಆ ಪತ್ರಗಳು ತೂತಿನಂಚಿನ ಕಾಗದದ ಮೇಲೆ ಕೀರ್ ಕೀರ್ ಎಂದು ಅಚ್ಚಾದವು. ನಾನು ಎರಡು ದಿನ ಕೂತು ಅವನ್ನು ಕನ್ನಡದಲ್ಲಿ ಬರೆದುಕೊಟ್ಟೆ. ಮೂರನೆಯ ದಿನವೇ ಅವರು ಬಂದರು. "ಯಾರೂ ಏನೂ ಮಾಡಲ್ಲ ಅಂತ ಬರ್ದಿದೀರಲ್ಲ. ಅದ್ರಲ್ಲಿ ನಾನೂ ಸೇರ್ತೀನಾ? ನನ್ನ ವಿಷಯ ಅವರಿಗೆ ಗೊತ್ತಿಲ್ವಲ್ಲ." ಸೇರುತ್ತೀರಿ ಎಂದೆ. ಸಾಯಂಕಾಲ ಮತ್ತೆ ಬಂದರು. ಮಾರನೆಯ ದಿನ ಮೂರು ಸಲ. ನಾನು ಬಿಡಿಸಿದ ಬಲೆಯ ದಾರವನ್ನೇ ಹಿಡಿದು ಅವರು ಹೊಸ ಬಲೆ ನೇಯುತ್ತಿದ್ದರು. ಅದೇ ಹಾಳೆಗಳಲ್ಲಿ, ಇಂಥವರಿಗೆ ಏನೂ ಆಗಲ್ಲ ಏನೂ ಆಗಲ್ಲ ಎಂದು ಸುತ್ತಲಿನವರು ಪ್ರತಿ ಸಲ ಹೇಳಬಾರದು, ಆ ಉತ್ತರವೇ ಕಾಯಿಲೆಗೆ ಹಾಲೂಡಿಸುತ್ತದೆ ಎಂದಿತ್ತು. ನಾನು ಅದನ್ನು ಅವರಿಗೆ ಓದಿ ಹೇಳಿ, "ಇನ್ಮೇಲೆ ಉತ್ತರ ಹೇಳಲ್ಲ" ಎಂದೆ.

"ನೀವೂ ಕೈ ಬಿಟ್ರಾ?" ಎಂದರು. ನಾನು ಎಂಟು ದಿನ ಗಟ್ಟಿಯಾಗಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಧ ದಿನಕ್ಕೇ ಸೋತು ಹೇಳಿಬಿಟ್ಟೆ.

ಆ ಪತ್ರಗಳ ಗುಂಪಿಗೆ ನಾವೂ ಒಂದು ಪತ್ರ ಕಳಿಸಿದೆವು. ಅವರು ಹೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ, ಹಳೆಯ ವಿದ್ಯಾರ್ಥಿನಿ ತನ್ನ ವಿಳಾಸದಿಂದಲೇ ಕಳಿಸಿದಳು. 'ನಾನು ದೊಡ್ಡಬಳ್ಳಾಪುರದಲ್ಲಿ ಅಚ್ಚು ಕೆಚ್ಚುತ್ತೇನೆ. ನನಗೆ ಒಂಬತ್ತು ವರ್ಷದ ಮಗಳಿದ್ದಾಳೆ. ಒಂದು ಸಲ ಎತ್ತಿಕೊಳ್ಳಬೇಕು. ಆಗುತ್ತದೆಯೇ?' ಇಷ್ಟೇ. ನಾಲ್ಕೈದು ದಿನದ ಮೇಲೆ ಉತ್ತರ ಬಂತು. ಬರೆದವಳು ಒಬ್ಬ ಹೆಂಗಸು. ನಿಮ್ಮ ಊರು ಎಲ್ಲಿದೆಯೋ ಗೊತ್ತಿಲ್ಲ, ನಕಾಶೆಯಲ್ಲಿ ಹುಡುಕಿದೆ, ಬೆಂಗಳೂರು ಹತ್ತಿರ ಕಾಣುತ್ತದೆ ಎಂದು ಶುರುವಾಗಿತ್ತು. ಆಗುತ್ತದೆ, ಆದರೆ ಒಬ್ಬರೇ ಹೆಣಗಬೇಡಿ, ಬೆಂಗಳೂರಿನಲ್ಲಿ ಇದಕ್ಕೆ ಚಿಕಿತ್ಸೆ ಕೊಡುವ ದೊಡ್ಡ ಆಸ್ಪತ್ರೆಯೇ ಇದೆಯಲ್ಲ, ಅಲ್ಲಿಗೆ ಯಾಕೆ ಹೋಗಿಲ್ಲ? ಎಂದು ಕೇಳಿದ್ದಳು.

ಅದನ್ನು ಓದಿ ಹೇಳುವಾಗ ನನಗೆ ಸಿಟ್ಟು ಬಂತು. ಬೆಂಗಳೂರು ನಲವತ್ತು ಕಿಲೋಮೀಟರ್. ಅರ್ಧ ಗಂಟೆಗೊಂದು ಬಸ್ಸು, ರೈಲು ಬೇರೆ. ಈ ಊರಿನ ಸೀರೆ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗುತ್ತದೆ. ಅಲ್ಲಿಂದ ಒಂದು ಮಾತು ಈ ಕಡೆ ಬರಲು ಭೂಮಿಯ ಆಚೆ ಬದಿಯನ್ನು ಸುತ್ತಿ, ಇಂಗ್ಲಿಷಿನಲ್ಲಿ, ಕಿರುಚುವ ಫೋನಿನ ತಂತಿಯಲ್ಲಿ ಬರಬೇಕಾಯಿತು. ನಮ್ಮ ಡಾಕ್ಟರು ಹೇಳಲಿಲ್ಲ. ರೇಡಿಯೋ ಹೇಳಲಿಲ್ಲ. ಹೊಲಕ್ಕೆ ಗೊಬ್ಬರ, ಹುಳಕ್ಕೆ ಔಷಧಿ ಎಂದು ಊರಿನ ಗೋಡೆಗಳ ಮೇಲೆಲ್ಲ ಬರೆದ ಸರ್ಕಾರ ಇದೊಂದನ್ನು ಬರೆಯಲಿಲ್ಲ. ನಾಲ್ಕು ಇಂಗ್ಲಿಷ್ ಪುಸ್ತಕ ಓದಿದ ನಾನು ಪಕ್ಕದ ಗೋಡೆಗೆ ಕಿವಿಯಿಟ್ಟು ಬೀಗದ ಲೆಕ್ಕ ಹಾಕುತ್ತಿದ್ದೆ.

"ಆ ಆಸ್ಪತ್ರೆ ನಂಗೆ ಗೊತ್ತು ಮೇಷ್ಟ್ರೇ," ಎಂದರು ಅವರು ಮೆಲ್ಲಗೆ. "ಹುಚ್ಚಾಸ್ಪತ್ರೆ ಅಂತೀವಲ್ಲ, ಅದೇ. ನಾನು ಹುಚ್ಚ ಅಲ್ವಲ್ಲ ಅಂತ ಹೋಗಿರ್ಲಿಲ್ಲ."

ಹೋದೆವು. ಹೊರರೋಗಿಗಳ ಸಾಲಿನಲ್ಲಿ, ಬೆಂಚಿನ ಮೇಲೆ, ಪೇಪರ್ ಅಗಲಿಸಿ ಮುಖ ಮುಚ್ಚಿಕೊಂಡು ಒಬ್ಬರು ಕೂತಿದ್ದರು. ಪಕ್ಕದಲ್ಲಿ ಸೆರಗನ್ನು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಮಾಡುತ್ತಿದ್ದ ಮುದುಕಿ. ಪೇಪರ್ ಹಿಡಿದ ಬೆರಳಿನ ಉಂಗುರ ನೋಡಿ ನನಗೆ ಗುರುತು ಸಿಕ್ಕಿತು. ಅದೇ ಇಪ್ಪತ್ತು ಮಗ್ಗದ ಮಾಲೀಕರು. ಇದು ಕಟ್ಟಿದ ಕತೆಯ ಹಾಗೆ ಕಾಣುತ್ತದೆ, ನನಗೂ ಬರೆಯುವಾಗ ಹಾಗನ್ನಿಸಿತು. ಆದರೆ ಒಂದೇ ಊರಿನವರು ಒಂದೇ ಬಾಗಿಲಿಗೆ ಕದ್ದು ಹೋಗುತ್ತಿದ್ದರೆ ಒಂದಲ್ಲ ಒಂದು ದಿನ ಎದುರಾಗದೆ ಏನಾಗುತ್ತದೆ?

"ನಮ್ಮಮ್ಮ," ಎಂದರು ಅವರು. "ಕೈ ತೊಳೆಯೋದು ಜಾಸ್ತಿ. ಆರು ವರ್ಷದಿಂದ ಬರ್ತಿದೀವಿ. ಈಗ ಎಷ್ಟೋ ವಾಸಿ. ಊರಲ್ಲಿ ಎತ್ಬೇಡಿ ಮೇಷ್ಟ್ರೇ, ಕೈ ಮುಗೀತೀನಿ."

"ಆರು ವರ್ಷದಿಂದ ಗೊತ್ತಿತ್ತಾ ನಿಮಗೆ?" ಎಂದೆ. "ಇವರನ್ನ ನೋಡ್ತಾ ಇದ್ರಲ್ಲ. ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ, ನಿಮಗೆ ಹೆಂಗೆ ಗೊತ್ತು ಅಂತ ಕೇಳಲ್ವಾ?" ಎಂದರು. ಅವರಿಗೆ ಅದು ಸಾಕಷ್ಟು ದೊಡ್ಡ ಕಾರಣವಾಗಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಇವರು ಮಾತ್ರ, "ಅಮ್ಮಂಗೆ ನೀರು ಕೊಡ್ಸಿ ಅಣ್ಣ, ಬಿಸ್ಲಲ್ಲಿ ಬಂದಿದಾರೆ" ಎಂದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಡಾಕ್ಟರ್ ಕನ್ನಡದವರೇ. ಎಲ್ಲ ಕೇಳಿ, "ಇದಕ್ಕೆ ಗೀಳು ಕಾಯಿಲೆ ಅಂತೀವಿ. ನೀವು ಕೊಲೆಗಾರರಲ್ಲ, ನಿಮ್ಮನೆ ಕಾವಲುಗಾರ ಮಲಗೋದೇ ಇಲ್ಲ, ಅಷ್ಟೇ ತೊಂದ್ರೆ" ಎಂದರು. ಮಾತ್ರೆ ಕೊಟ್ಟರು. ಮಾತ್ರೆಗಿಂತ ಕಷ್ಟದ್ದು ಅಭ್ಯಾಸ. ಬೀಗ ಒಂದೇ ಸಲ ಎಳೆದು ಹೊರಟುಬಿಡಬೇಕು. ಅಚ್ಚನ್ನು ಒಂದೇ ಸಲ ನೋಡಬೇಕು. ಎದೆ ಬಡಿದುಕೊಂಡರೆ ಬಡಿದುಕೊಳ್ಳಲಿ ಎಂದು ಬಿಡಬೇಕು. ಯಾರನ್ನೂ ಕೇಳಬಾರದು. ಆ ತಿಂಗಳುಗಳಲ್ಲಿ ನನ್ನ ಬಾಗಿಲ ಮುಂದೆ ಅಂಗಿ ತೊಯ್ದು ನಿಂತು, ಬಾಯಿ ತೆರೆದು, ಮುಚ್ಚಿ, ಹೊರಟುಹೋಗುವ ಅವರನ್ನು ಎಷ್ಟೋ ಸಲ ನೋಡಿದ್ದೇನೆ. ಯುದ್ಧಕ್ಕೆ ಹೋಗಿಬಂದವರ ಬಗ್ಗೆ ಭಾಷಣ ಕೇಳಿದ್ದೇನೆ. ಮನೆಯ ಬೀಗಕ್ಕೆ ಬೆನ್ನು ತಿರುಗಿಸಿ ನಡೆದದ್ದಕ್ಕೆ ಯಾರೂ ಹಾರ ಹಾಕುವುದಿಲ್ಲ.

ಹಾರದ ಮಾತಿರಲಿ. "ಮೊದಲಿನ ಹಂಗೆ ನೋಡಲ್ಲ ಕಣ್ರೀ ಈಗ. ಕೈ ಕೆಟ್ಟೋಯ್ತು" ಎಂದು ಬೀದಿ ಮಾತಾಡಿತು. ಹಾಗೆ ಮೊದಲು ಹೇಳಿದವರು ಅದೇ ಮಾಲೀಕರು. ಹೊಸ ಮಗ್ಗ ಶುರು ಮಾಡಲು ಬೇರೆ ಯಾರನ್ನೋ ಕರೆದರು. ಮನುಷ್ಯ ವಾಸಿಯಾಗುತ್ತಿದ್ದ ಹಾಗೆ ಊರಿಗೆ ಬೇಡವಾದ.

ಅದೇ ವರ್ಷ ಬೇಸಿಗೆ ರಜೆಗೆ ಹೆಂಡತಿ ಮಗಳನ್ನು ಕರೆದುಕೊಂಡು ಬಂದರು. ಅಷ್ಟು ಹೊತ್ತಿಗೆ ನಾನು ಬರೆದ ಕನ್ನಡದ ಹಾಳೆಗಳು ಚನ್ನರಾಯಪಟ್ಟಣದ ಕಡೆಗೂ ಹೋಗಿದ್ದವು. ಆಕೆ ಅವನ್ನು ತಮ್ಮ ತಂದೆಗೂ ಓದಿ ಹೇಳಿದ್ದರಂತೆ. ಮಗಳು ಎತ್ತರವಾಗಿದ್ದಳು. ಎರಡು ಜಡೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ಚಾಳಿ. ತಂದೆಯನ್ನು 'ಅವರು' ಎನ್ನುತ್ತಿದ್ದಳು. ನಾಲ್ಕು ದಿನ ಇದ್ದರು. ಇವರು ಮಗಳ ಪಕ್ಕದಲ್ಲಿ ಕೂತು ಊಟ ಮಾಡಿದರು. ಮೂರನೆಯ ದಿನ, "ಬಾ, ಎತ್ಕೋತೀನಿ" ಎಂದು ಕೈ ಚಾಚಿದರಂತೆ. ಹುಡುಗಿ ನಕ್ಕು, "ಅಯ್ಯೇ, ನಾನೇನು ಪಾಪುನಾ?" ಎಂದು ಓಡಿಹೋಯಿತು. ಅವಳದೇನು ತಪ್ಪು? ಎತ್ತಿಕೊಳ್ಳುವ ವಯಸ್ಸೆಲ್ಲ ಮುಗಿದಿತ್ತು. ಇದನ್ನು ನನಗೆ ಹೇಳಿ ಅವರು ನಗಲು ನೋಡಿದರು. ನಾನು ಎದುರು ಗೋಡೆಗೆ ಗುದ್ದಿಬಿಡುವಷ್ಟು ಸಿಟ್ಟಿನಲ್ಲಿದ್ದೆ.

ಐದನೆಯ ದಿನ ಅವರನ್ನು ಬಸ್ಸು ಹತ್ತಿಸಲು ನಾನೂ ಹೋದೆ. ದೇವನಹಳ್ಳಿ ಬಸ್ಸು ಬಂದು ನಿಲ್ಲುವ ಮೊದಲೇ ಜನ ಮುತ್ತಿದರು. ಸಂತೆಯ ದಿನ, ಬಾಗಿಲಲ್ಲಿ ಬುಟ್ಟಿ, ಗಂಟು, ಕೋಳಿ. ನಮ್ಮ ಕಡೆ ಸೀಟು ಹಿಡಿಯುವ ಕ್ರಮ ಒಂದೇ: ಟವೆಲ್ಲನ್ನೋ ಮಕ್ಕಳನ್ನೋ ಕಿಟಕಿಯಿಂದ ಒಳಗೆ ಹಾಕುವುದು. ಸರಳಿಲ್ಲದ ಒಂದು ಕಿಟಕಿ ನಮ್ಮ ಮುಂದೆಯೇ ಬಂದು ನಿಂತಿತು.

"ಅಯ್ಯೋ, ಸೀಟು ಹೋಯ್ತು!" ಎಂದು ಹೆಂಡತಿ ಕೂಗಿದರು.

"ನನ್ನ ಹತ್ಸಿ, ನನ್ನ ಹತ್ಸಿ!" ಎಂದು ಹುಡುಗಿ ಕುಣಿಯಿತು. ಯಾರಿಗೆ ಹೇಳಿತೋ ಗೊತ್ತಿಲ್ಲ. ನಾನು ಚೀಲ ಕೆಳಗಿಡುವಷ್ಟರಲ್ಲಿ ಇವರು ಬಗ್ಗಿ, ಮಗಳ ಕಂಕುಳಿಗೆ ಎರಡೂ ಕೈ ಹಾಕಿ, ಎತ್ತಿ, ತಲೆಯ ಮೇಲಕ್ಕೆ ಹಿಡಿದು ಕಿಟಕಿಯೊಳಕ್ಕೆ ತಳ್ಳಿದ್ದರು. ಹವಾಯಿ ಚಪ್ಪಲಿಯ ಕಾಲುಗಳು ಗಾಳಿಯಲ್ಲಿ ಒದೆದು ಒಳಗೆ ಮಾಯವಾದವು. ಮರುಕ್ಷಣ ಒಳಗಿನಿಂದ, "ಅಪ್ಪಾ, ಮೂರು ಸೀಟು ಹಿಡ್ದೆ! ಅಮ್ಮನ್ನ ಬೇಗ ಕಳ್ಸಿ!" ಎಂಬ ಕೂಗು.

ಬಸ್ಸು ಹೋಯಿತು. ಧೂಳಿನಲ್ಲಿ ಅವರು ನಿಂತಿದ್ದರು, ಎರಡೂ ಕೈ ಇನ್ನೂ ಎದೆಯ ಎತ್ತರಕ್ಕೆ ಹಿಡಿದು. ಮಗಳು ಆ ಕೈಗಳಲ್ಲಿದ್ದದ್ದು ಎರಡು ಕ್ಷಣ, ಹೆಚ್ಚೆಂದರೆ ಮೂರು. ಒಂಬತ್ತು ವರ್ಷಕ್ಕೆ ಊರು ಅವರಿಗೆ ಉಳಿಸಿಕೊಟ್ಟದ್ದು ಅಷ್ಟು.

ವಠಾರದವರೆಗೂ ನಡೆದುಕೊಂಡೇ ಬಂದೆವು. ಬಾಗಿಲ ಹತ್ತಿರ ಅವರು ತಟ್ಟನೆ ನಿಂತು ನನ್ನ ತೋಳು ಹಿಡಿದುಕೊಂಡರು.

"ಮೇಷ್ಟ್ರೇ, ಕಿಟಕಿ ಮೇಲ್ಗಡೆ ತಗಡು ಅವಳ ತಲೆಗೆ ತಗುಲ್ತಾ? ನೀವು ಪಕ್ಕದಲ್ಲೇ ಇದ್ರಲ್ಲ. ನಾನು ಜೋರಾಗಿ ತಳ್ಳಿದ್ನಾ?"

ನಾನು ನೋಡಿದ್ದೆ. ತಗುಲಿರಲಿಲ್ಲ. ಒಂದೇ ಮಾತು, ಹೇಳಿದ್ದರೆ ಮುಗಿಯುತ್ತಿತ್ತು, ಅರ್ಧ ಗಂಟೆಯ ಮಟ್ಟಿಗೆ. ಆ ಹಾಳೆಗಳನ್ನೂ ಡಾಕ್ಟರನ್ನೂ ಮನಸ್ಸಿನಲ್ಲೇ ಬೈಯುತ್ತ ತುಟಿ ತೆರೆದೆ.

ಅವರು ಬೂದಿಯ ಕಲೆ ಮಾಸದ ಅಂಗೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದರು.

"ಹೇಳ್ಬೇಡಿ," ಎಂದರು. "ಹೇಳ್ಬೇಡಿ ಮೇಷ್ಟ್ರೇ."